ಮೀಡಿಯಾವಿಕಿಗೆ ಮೊದಲ ಪ್ಯಾಚ್: ಕೋಡ್ ರಿವ್ಯೂನಿಂದ ಮರ್ಜ್‌ವರೆಗಿನ ದಾರಿ

ಕನ್ನಡ ವಿಕಿಪೀಡಿಯದಲ್ಲಿ ಒಂದು ಕಾಗುಣಿತ ತಪ್ಪು ಕಂಡರೆ ‘ಸಂಪಾದಿಸಿ’ ಒತ್ತಿ, ತಿದ್ದಿ, ಉಳಿಸುತ್ತೀರಿ. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಆ ‘ಸಂಪಾದಿಸಿ’ ಗುಂಡಿಯಲ್ಲೇ ದೋಷ ಇದ್ದರೆ? ಅದನ್ನೂ ನೀವೇ ಸರಿಮಾಡಬಹುದು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಕೋಡ್ ಎಲ್ಲರಿಗೂ ತೆರೆದೇ ಇದೆ. ಆದರೆ ಇಲ್ಲಿ ನೀವು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಒಳಗೆ ಹೋಗುತ್ತದೆ.

ಹೊಸಬರು ಕೈಚೆಲ್ಲುವುದು ಹೆಚ್ಚಾಗಿ ಈ ಹಂತದಲ್ಲೇ. ಅವರಿಗೆ ಕೋಡ್ ಬರೆಯಲು ಬರುತ್ತದೆ. ಅದನ್ನು ಓದುವವರ ಕೆಲಸ ಹಗುರ ಮಾಡುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ನಿಮ್ಮ ಪ್ಯಾಚನ್ನು (ನೀವು ಕಳಿಸಿದ ಕೋಡ್ ತಿದ್ದುಪಡಿಯನ್ನು) ಮರ್ಜ್ ಮಾಡುವವರು, ಅಂದರೆ ಮೂಲ ಕೋಡ್‌ಗೆ ಸೇರಿಸುವವರು, ನಾಳೆ ಅದು ಕೆಟ್ಟರೆ ನಿಮ್ಮ ಜೊತೆ ತಾವೂ ಉತ್ತರ ಕೊಡಬೇಕಾಗುತ್ತದೆ. ಇದೊಂದು ಮನಸ್ಸಿನಲ್ಲಿದ್ದರೆ ಮುಂದೆ ಬರುವ ಎಲ್ಲ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ.

ಈ ಪದ್ಧತಿ ಬಂದದ್ದು ಹೇಗೆ

2012ರ ಮಾರ್ಚ್‌ವರೆಗೆ ಮೀಡಿಯಾವಿಕಿ ಕೋಡ್ ಸಬ್‌ವರ್ಷನ್‌ನಲ್ಲಿತ್ತು. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ವ್ಯವಸ್ಥೆ ಅದು. ಆಗ ಕೋಡ್ ಮೊದಲು ಒಳಗೆ ಹೋಗುತ್ತಿತ್ತು, ರಿವ್ಯೂ ಆಮೇಲೆ. ಓದದೆ ಉಳಿದ ಬದಲಾವಣೆಗಳು ರಾಶಿ ಬೀಳುತ್ತಿದ್ದವು. ಆ ರಾಶಿ ಕರಗುವವರೆಗೆ ಹೊಸ ಆವೃತ್ತಿಯನ್ನು ವಿಕಿಪೀಡಿಯಕ್ಕೆ ಹಾಕಲು ಧೈರ್ಯ ಸಾಲುತ್ತಿರಲಿಲ್ಲ. ಗಿಟ್ ಎಂಬ ಇಂಥದ್ದೇ ಇನ್ನೊಂದು ವ್ಯವಸ್ಥೆ ಮತ್ತು ಗೆರಿಟ್‌ಗೆ ಬಂದ ಮೇಲೆ ಕ್ರಮ ತಿರುಗಿತು. ಈಗ ಮೊದಲು ರಿವ್ಯೂ, ಆಮೇಲೆ ಮರ್ಜ್.

ಗೆರಿಟ್ ಅನ್ನುವುದು ಗೂಗಲ್‌ನಲ್ಲಿ ಆಂಡ್ರಾಯ್ಡ್ ಕೆಲಸಕ್ಕಾಗಿ ಹುಟ್ಟಿದ ರಿವ್ಯೂ ಉಪಕರಣ. ಹೆಸರು ಬಂದದ್ದು ಡಚ್ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್ ಅವರಿಂದ. ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣದ ರೂಢಿ ಇರುವವರಿಗೆ ಇದು ಮೊದಲ ದಿನ ಅಪರಿಚಿತ ಅನ್ನಿಸುತ್ತದೆ. ಎರಡು ಪ್ಯಾಚ್ ಕಳಿಸಿದ ಮೇಲೆ ಸರಿಹೋಗುತ್ತದೆ.

ಹಂತ 1: ಕೆಲಸ ಆರಿಸಿಕೊಳ್ಳಿ

ಮೊದಲು ವಿಕಿಮೀಡಿಯ ಡೆವಲಪರ್ ಖಾತೆ ತೆರೆಯಿರಿ. ನಿಮ್ಮ ವಿಕಿಪೀಡಿಯ ಖಾತೆ ಬೇರೆ, ಇದು ಬೇರೆ. ದೋಷಗಳ ಪಟ್ಟಿ ಇರುವುದು ಫ್ಯಾಬ್ರಿಕೇಟರ್ ಎಂಬ ತಾಣದಲ್ಲಿ. ಅಲ್ಲಿ ‘ಗುಡ್ ಫಸ್ಟ್ ಟಾಸ್ಕ್’ ಎಂಬ ಗುರುತಿರುವ ಕೆಲಸಗಳನ್ನು ಹೊಸಬರಿಗಾಗಿಯೇ ತೆಗೆದಿಟ್ಟಿರುತ್ತಾರೆ. ಒಂದನ್ನು ಆರಿಸಿ, ಅದರ ಕೆಳಗಿನ ಹಳೆಯ ಚರ್ಚೆಯನ್ನು ಪೂರ್ತಿ ಓದಿ. ‘ಇದನ್ನು ಹೀಗೆ ಮಾಡುವುದು ಬೇಡ’ ಎಂದು ಯಾರೋ ಎರಡು ವರ್ಷದ ಹಿಂದೆಯೇ ಬರೆದಿರಬಹುದು. ಅದನ್ನು ಓದದೆ ಪ್ಯಾಚ್ ಕಳಿಸಿದರೆ ನಿಮ್ಮ ಶ್ರಮವೂ ಹೋಯಿತು, ಓದುವವರ ಸಮಯವೂ ಹೋಯಿತು.

ಕನ್ನಡಿಗರು ಇಲ್ಲೊಂದು ವಿಷಯ ಗಮನಿಸಬೇಕು. ಮೀಡಿಯಾವಿಕಿಯ ಕನ್ನಡ ಅನುವಾದದಲ್ಲಿ ತಪ್ಪು ಕಂಡರೆ ಕೋಡ್‌ನೊಳಗಿನ ಕನ್ನಡ ಫೈಲನ್ನು ತಿದ್ದಿ ಪ್ಯಾಚ್ ಕಳಿಸಬೇಡಿ. ಅನುವಾದಗಳೆಲ್ಲ ನಡೆಯುವುದು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ. ಅಲ್ಲಿಂದ ಒಂದು ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಅವನ್ನು ಕೋಡ್‌ಗೆ ತಂದು ಹಾಕುತ್ತದೆ. ನೀವು ಫೈಲನ್ನೇ ನೇರವಾಗಿ ತಿದ್ದಿದರೆ ಆ ಬಾಟ್ ಮುಂದಿನ ಸಲ ಬಂದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗಬಹುದು.

ಹಂತ 2: ಪ್ಯಾಚ್ ಚಿಕ್ಕದಾಗಿರಲಿ

ಒಂದು ಪ್ಯಾಚ್, ಒಂದೇ ವಿಷಯ. ದೋಷ ಸರಿಮಾಡುವಾಗ ಪಕ್ಕದ ಫಂಕ್ಷನ್‌ನ ಹೆಸರು ಚೆನ್ನಾಗಿಲ್ಲ ಅನ್ನಿಸಿತೇ? ಅದು ಬೇರೆ ಪ್ಯಾಚ್‌ಗೆ ಇರಲಿ.

ಬೇರೊಂದು ಪ್ರಾಜೆಕ್ಟಿಗೆ ನಾನು ಮೊದಲ ಸಲ ಕೋಡ್ ಕಳಿಸಿದಾಗ ನನ್ನ ಎಡಿಟರ್ ಫೈಲಿನ ಎಲ್ಲ ಸಾಲುಗಳ ಅಂತರವನ್ನೂ ಬದಲಿಸಿತ್ತು. ನಿಜವಾದ ತಿದ್ದುಪಡಿ ಮೂರು ಸಾಲು. ಓದುವವರಿಗೆ ಕಂಡದ್ದು ನಾಲ್ಕುನೂರು ಸಾಲು. ಅದನ್ನು ಯಾರೂ ಓದಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಓದುತ್ತಿರಲಿಲ್ಲ. ಅಂದಿನಿಂದ ಕಳಿಸುವ ಮೊದಲು ಡಿಫ್ (ಹಳೆಯ ಕೋಡ್‌ಗೂ ಹೊಸದಕ್ಕೂ ಇರುವ ವ್ಯತ್ಯಾಸ) ತೆರೆದು ಒಂದೊಂದೇ ಸಾಲು ನೋಡುತ್ತೇನೆ. ಪ್ರತಿ ಸಾಲಿಗೂ ‘ನೀನು ಇಲ್ಲಿ ಯಾಕಿದ್ದೀಯ’ ಅಂತ ಕೇಳುತ್ತೇನೆ. ಉತ್ತರ ಇಲ್ಲದ ಸಾಲನ್ನು ತೆಗೆಯುತ್ತೇನೆ.

ಇನ್ನು ಕಮಿಟ್ ಸಂದೇಶ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವಾಗ (ಕಮಿಟ್ ಮಾಡುವಾಗ) ಅದರ ಜೊತೆ ಬರೆಯುವ ಟಿಪ್ಪಣಿ. ಮೊದಲ ಸಾಲು 72 ಅಕ್ಷರದ ಒಳಗೆ ಇದ್ದರೆ ಒಳ್ಳೆಯದು. ಅದು ಆಜ್ಞೆಯ ರೂಪದಲ್ಲಿರಲಿ: ‘ಹುಡುಕುವ ಪೆಟ್ಟಿಗೆಯಲ್ಲಿ ಉದ್ದದ ಪದ ಹೊರಚಾಚದಂತೆ ಮಾಡು’ ಎಂಬ ಧಾಟಿಯಲ್ಲಿ. ಆಮೇಲೆ ಒಂದು ಖಾಲಿ ಸಾಲು. ಅದರ ಕೆಳಗೆ ಯಾಕೆ ಈ ಬದಲಾವಣೆ ಎಂಬ ವಿವರಣೆ. ಏನು ಬದಲಾಯಿತು ಎಂಬುದು ಕೋಡ್‌ನಲ್ಲೇ ಕಾಣುತ್ತದೆ, ಕಾರಣ ಮಾತ್ರ ಕಾಣುವುದಿಲ್ಲ. ಅದಕ್ಕೇ ಕಾರಣ ಬರೆಯಿರಿ. ಕೊನೆಯಲ್ಲಿ ‘ಬಗ್’ ಎಂದು ಬರೆದು ಫ್ಯಾಬ್ರಿಕೇಟರ್ ಸಂಖ್ಯೆ ಕೊಡಿ. ಆಗ ಎರಡೂ ಕಡೆ ಕೊಂಡಿ ತಾನಾಗಿಯೇ ಬೀಳುತ್ತದೆ. ಸಂದೇಶವನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ವ್ಯಾಕರಣ ತಪ್ಪಾದೀತು ಅಂತ ಅಂಜಬೇಡಿ. ಅಲ್ಲಿ ಕೆಲಸ ಮಾಡುವ ಎಷ್ಟೋ ಜನರಿಗೆ ಇಂಗ್ಲಿಷ್ ಮನೆಮಾತಲ್ಲ.

ಹಂತ 3: ಕಳಿಸುವುದು, ಮತ್ತೆ ಕಳಿಸುವುದು

‘ಗಿಟ್ ರಿವ್ಯೂ’ ಎಂಬ ಚಿಕ್ಕ ಉಪಕರಣ ಹಾಕಿಕೊಳ್ಳಿ. ಮಾಸ್ಟರ್‌ನಿಂದ (ಮುಖ್ಯ ಕೋಡ್‌ನಿಂದ) ಹೊಸ ಬ್ರಾಂಚ್ (ಕವಲು) ತೆಗೆದು, ಕಮಿಟ್ ಮಾಡಿ, ‘ಗಿಟ್ ರಿವ್ಯೂ’ ಓಡಿಸಿದರೆ ಪ್ಯಾಚ್ ಗೆರಿಟ್‌ಗೆ ಹೋಗುತ್ತದೆ. ಕಮಿಟ್ ಸಂದೇಶದ ತುದಿಯಲ್ಲಿ ‘ಚೇಂಜ್-ಐಡಿ’ ಎಂಬ ಸಾಲು ಸೇರಿರುವುದು ಕಾಣುತ್ತದೆ. ಅದು ಒಂದು ಅಕ್ಷರ ಮತ್ತು ಅದರ ನಂತರ 40 ಅಂಕಿ-ಅಕ್ಷರಗಳ ಸರಣಿ. ಅದನ್ನು ಮುಟ್ಟಬೇಡಿ. ನಿಮ್ಮ ಬದಲಾವಣೆಯನ್ನು ಗೆರಿಟ್ ಗುರುತು ಹಿಡಿಯುವುದು ಅದರಿಂದಲೇ.

ಗಿಟ್‌ಹಬ್‌ನಿಂದ ಬಂದವರು ಎಡವುವುದು ಇಲ್ಲೇ. ಯಾರಾದರೂ ತಿದ್ದುಪಡಿ ಕೇಳಿದಾಗ ಅವರು ಎರಡನೇ ಕಮಿಟ್ ಮಾಡಿ ಕಳಿಸುತ್ತಾರೆ. ಗೆರಿಟ್ ಅದನ್ನು ಹೊಸದೊಂದು ಬದಲಾವಣೆ ಎಂದು ತಿಳಿಯುತ್ತದೆ. ಆಗ ಮೊದಲಿನದೂ ಉಳಿಯುತ್ತದೆ, ಎರಡನೆಯದೂ ನಿಲ್ಲುತ್ತದೆ, ಓದುವವರಿಗೆ ಗೊಂದಲ. ಸರಿಯಾದ ದಾರಿ ಹೀಗೆ: ಅದೇ ಕಮಿಟನ್ನು ‘ಗಿಟ್ ಕಮಿಟ್ --ಅಮೆಂಡ್’ ಮಾಡಿ, ಮತ್ತೆ ‘ಗಿಟ್ ರಿವ್ಯೂ’ ಓಡಿಸಿ. ಚೇಂಜ್-ಐಡಿ ಅದೇ ಇರುವುದರಿಂದ ಅದು ಎರಡನೇ ‘ಪ್ಯಾಚ್ ಸೆಟ್’ ಆಗಿ ಅದೇ ಪುಟದಲ್ಲಿ ಕೂರುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಏನು ವ್ಯತ್ಯಾಸ ಅಂತ ಓದುವವರು ಒಂದೇ ಒತ್ತಿಗೆ ನೋಡಬಹುದು.

ಭದ್ರತೆಯ ದೋಷ ಸಿಕ್ಕರೆ ಮಾತ್ರ ಈ ದಾರಿ ಹಿಡಿಯಬೇಡಿ. ಗೆರಿಟ್‌ನಲ್ಲಿ ಹಾಕಿದ್ದು ಜಗತ್ತಿಗೇ ಕಾಣುತ್ತದೆ. ಸರಿಪಡಿಸುವ ಪ್ಯಾಚನ್ನು ನೋಡಿದವರಿಗೆ ದೋಷ ಎಲ್ಲಿದೆ ಎಂಬುದೂ ಗೊತ್ತಾಗಿಬಿಡುತ್ತದೆ, ಅಲ್ವಾ? ಫ್ಯಾಬ್ರಿಕೇಟರ್‌ನಲ್ಲಿ ಭದ್ರತೆಗೆಂದೇ ಗುಟ್ಟಾಗಿ ದೂರು ಕೊಡುವ ವ್ಯವಸ್ಥೆ ಇದೆ. ಅಲ್ಲಿ ತಿಳಿಸಿ.

ಹಂತ 4: ಮೊದಲು ಯಂತ್ರ ಓದುತ್ತದೆ

ಪ್ಯಾಚ್ ಹೋದ ಸ್ವಲ್ಪ ಹೊತ್ತಿಗೆ ಜೆಂಕಿನ್ಸ್-ಬಾಟ್ ಬಂದು ‘ವೆರಿಫೈಡ್’ ಎಂಬ ಅಂಕ ಕೊಡುತ್ತದೆ. ಪಿಎಚ್‌ಪಿ ಟೆಸ್ಟ್‌ಗಳು, ಬರವಣಿಗೆಯ ಶೈಲಿ, ಜಾವಾಸ್ಕ್ರಿಪ್ಟ್ ಪರಿಶೀಲನೆ ಎಲ್ಲ ಇದರಲ್ಲಿ ಬರುತ್ತವೆ. ಕೆಂಪು ಬಂದರೆ ಲಾಗ್ ತೆರೆದು ಓದಿ. ನಿಮ್ಮ ಕೋಡ್‌ಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಟೆಸ್ಟ್ ಸೋತಿದ್ದರೆ ‘ರೀಚೆಕ್’ ಎಂದು ಕಾಮೆಂಟ್ ಹಾಕಿದರೆ ಮತ್ತೆ ಓಡುತ್ತದೆ. ಯಂತ್ರ ಹಸಿರು ತೋರಿಸುವ ಮುನ್ನ ಮನುಷ್ಯರ ಸಮಯ ಕೇಳಬೇಡಿ.

ಹಂತ 5: ಓದುವವರನ್ನು ಹುಡುಕಿ

ಸುಮ್ನೆ ಕಾದರೆ ಪ್ಯಾಚ್ ಅಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ. ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪಟ್ಟಿ ಮೀಡಿಯಾವಿಕಿಯ ಸ್ವಂತ ವಿಕಿಯಲ್ಲಿದೆ. ಅದರ ಜೊತೆಗೆ ನೀವು ಮುಟ್ಟಿದ ಫೈಲಿನ ಗಿಟ್ ಇತಿಹಾಸ ನೋಡಿ. ಈಚೆಗೆ ಅದನ್ನು ತಿದ್ದಿದವರಲ್ಲಿ, ಮರ್ಜ್ ಮಾಡಿದವರಲ್ಲಿ ಇಬ್ಬರನ್ನು ರಿವ್ಯೂಗೆ ಸೇರಿಸಿ. ಹತ್ತು ಜನರನ್ನು ಸೇರಿಸಿದರೆ ಪ್ರತಿಯೊಬ್ಬರೂ ‘ಬೇರೆ ಯಾರಾದರೂ ನೋಡುತ್ತಾರೆ’ ಅಂದುಕೊಳ್ಳುತ್ತಾರೆ.

ಅವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ, ಸಂಜೆ ಹೊತ್ತು ಇದನ್ನು ಮಾಡುವವರು. ಯುರೋಪ್, ಅಮೆರಿಕದಲ್ಲಿರುವವರ ಉತ್ತರ ನಮಗೆ ರಾತ್ರಿ ಬರುತ್ತದೆ. ಒಂದು ವಾರ ಕಾದು, ಆಮೇಲೆ ಮರ್ಯಾದೆಯಿಂದ ಒಂದು ಸಾಲು ನೆನಪಿಸಿ. ನೆನಪಿಸುವುದು ತಪ್ಪಲ್ಲ.

ನಾನು ಕಂಡ ಒಳ್ಳೆಯ ಉಪಾಯ ಇನ್ನೊಂದಿದೆ. ಕಾಯುವ ಹೊತ್ತಿನಲ್ಲಿ ಬೇರೆಯವರ ಪ್ಯಾಚ್ ಓದಿ, ಕಾಮೆಂಟ್ ಬರೆಯಿರಿ. ರಿವ್ಯೂ ಮಾಡಲು ಯಾವ ಹಕ್ಕೂ ಬೇಕಿಲ್ಲ, ಖಾತೆ ಇದ್ದರೆ ಸಾಕು.

ಅಂಕಗಳ ಅರ್ಥ

ಮನುಷ್ಯರು ಕೊಡುವ ‘ಕೋಡ್-ರಿವ್ಯೂ’ ಅಂಕ −2ರಿಂದ +2ರವರೆಗೆ ಇರುತ್ತದೆ. +1 ಅಂದರೆ ‘ನನಗೆ ಸರಿ ಕಾಣುತ್ತದೆ, ಆದರೆ ಒಪ್ಪಿಗೆ ಬೇರೆಯವರು ಕೊಡಬೇಕು’. −1 ಅಂದರೆ ‘ಹೀಗೇ ಮರ್ಜ್ ಆಗದಿದ್ದರೆ ಒಳ್ಳೆಯದು, ಇಷ್ಟು ಸರಿಮಾಡಿ’. ಹೊಸಬರು −1 ಕಂಡು ಮನಸ್ಸು ಕೆಡಿಸಿಕೊಳ್ಳುತ್ತಾರೆ. ಅಗತ್ಯವೇ ಇಲ್ಲ. ಒಬ್ಬರು ಕೂತು ಓದಿದ್ದಾರೆ ಎಂಬುದಕ್ಕೆ ಅದೇ ಗುರುತು. −2 ಮಾತ್ರ ಗಟ್ಟಿ ತಡೆ. ನೀವು ಹೊಸ ಪ್ಯಾಚ್ ಸೆಟ್ ಕಳಿಸಿದರೂ ಅದು ಉಳಿಯುತ್ತದೆ. ಕೊಟ್ಟವರು ತೆಗೆಯುವ ತನಕ ಮರ್ಜ್ ಆಗುವುದಿಲ್ಲ. ಅದು ಬಂದರೆ ಕೋಡ್ ತಿದ್ದುವುದನ್ನು ನಿಲ್ಲಿಸಿ, ಮಾತಾಡಿ.

+2 ಕೊಡುವ ಹಕ್ಕು ಕೆಲವರಿಗಷ್ಟೇ ಇದೆ. ಎರಡು +1 ಕೂಡಿದರೆ ಒಂದು +2 ಆಗುವುದಿಲ್ಲ. +2 ಬಿದ್ದ ಕೂಡಲೇ ಝೂಲ್ ಎಂಬ ವ್ಯವಸ್ಥೆ ಎಲ್ಲ ಟೆಸ್ಟ್‌ಗಳನ್ನು ಆಗಿನ ಮಾಸ್ಟರ್ ಮೇಲೆ ಮತ್ತೆ ಓಡಿಸಿ, ಪಾಸಾದರೆ ತಾನೇ ಮರ್ಜ್ ಮಾಡುತ್ತದೆ. ಆಮೇಲೆ ಇನ್ನೊಂದು ಗುಂಡಿ ಇಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ ಇದು: ನಿಮ್ಮ ಪ್ಯಾಚ್‌ಗೆ ನೀವೇ +2 ಕೊಡುವಂತಿಲ್ಲ. ಈಗಾಗಲೇ ಒಪ್ಪಿಗೆಯಾದ ಬದಲಾವಣೆಯನ್ನು ಬೇರೆ ಬ್ರಾಂಚಿಗೆ ತರುವಂಥ ಕೆಲವೇ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಹತ್ತು ವರ್ಷದ ಅನುಭವ ಇರುವವರಿಗೂ ಇದೇ ನಿಯಮ. ಬರೆದವರ ಕಣ್ಣಿಗೆ ತಾವು ಬರೆಯಬೇಕೆಂದಿದ್ದದ್ದೇ ಕಾಣುತ್ತದೆ, ಬರೆದದ್ದು ಕಾಣುವುದಿಲ್ಲ.

ಹಂತ 6: ನೀವು ಓದುವಾಗ ಏನು ನೋಡಬೇಕು

ಮೊದಲು ಫ್ಯಾಬ್ರಿಕೇಟರ್ ಕೆಲಸ ಓದಿ, ಆಮೇಲೆ ಕೋಡ್. ಈ ಬದಲಾವಣೆ ಬೇಕೇ ಎಂಬ ಪ್ರಶ್ನೆ ಮೊದಲು. ಬೇಡದ ಬದಲಾವಣೆಯ ಅರ್ಧವಿರಾಮ ತಿದ್ದುತ್ತಾ ಕೂತರೆ ಇಬ್ಬರಿಗೂ ನಷ್ಟ. ಬೇಕು ಅನ್ನಿಸಿದರೆ ಅದನ್ನು ಓಡಿಸಿ ನೋಡಿ. ಮನೆಯ ಕಂಪ್ಯೂಟರಿನಲ್ಲಿ ಮೀಡಿಯಾವಿಕಿ ಹಾಕಿಕೊಂಡಿಲ್ಲದಿದ್ದರೆ ‘ಪ್ಯಾಚ್ ಡೆಮೊ’ ಎಂಬ ತಾಣದಲ್ಲಿ ಆ ಪ್ಯಾಚ್ ಸೇರಿದ ತಾತ್ಕಾಲಿಕ ವಿಕಿ ಎಬ್ಬಿಸಬಹುದು. ಒಂದು ಫಂಕ್ಷನ್ನನ್ನು ತೆಗೆದಿದ್ದರೆ ಅಥವಾ ಬದಲಿಸಿದ್ದರೆ ‘ಕೋಡ್‌ಸರ್ಚ್’ನಲ್ಲಿ ಅದರ ಹೆಸರು ಹುಡುಕಿ. ಎಷ್ಟು ಎಕ್ಸ್‌ಟೆನ್ಶನ್‌ಗಳು (ಮೀಡಿಯಾವಿಕಿಗೆ ಸೇರಿಸುವ ಹೆಚ್ಚುವರಿ ಭಾಗಗಳು) ಅದನ್ನು ನಂಬಿಕೊಂಡಿವೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಭದ್ರತೆಯ ಕಡೆ ಕಣ್ಣಿರಲಿ. ಬಳಕೆದಾರರು ಬರೆದದ್ದು ಅಥವಾ ಅನುವಾದದಿಂದ ಬಂದದ್ದು ಪುಟಕ್ಕೆ ಹೋಗುವ ಮುನ್ನ ಎಸ್ಕೇಪ್ ಆಗಿದೆಯೇ, ಅಂದರೆ ಅದರೊಳಗಿನ ಚಿಹ್ನೆಗಳು ಕೋಡ್ ಆಗಿ ಓಡದಂತೆ ಬದಲಾಗಿವೆಯೇ? ಸಂದೇಶವನ್ನು (ಇಲ್ಲಿ ಸಂದೇಶ ಅಂದರೆ ತೆರೆಯ ಮೇಲೆ ಕಾಣುವ, ಅನುವಾದವಾಗುವ ಮಾತು) ‘ಟೆಕ್ಸ್ಟ್’ ಮೆಥಡ್‌ನಿಂದ ತೆಗೆದು ನೇರವಾಗಿ ಎಚ್‌ಟಿಎಂಎಲ್ ಒಳಗೆ ಅಂಟಿಸಿದ್ದರೆ ಅಪಾಯ. ಅಲ್ಲಿ ‘ಎಸ್ಕೇಪ್ಡ್’ ಇರಬೇಕು.

ಅರ್ಥವಾಗದ ಬೈನರಿ ಫೈಲ್ (ಪಠ್ಯವಾಗಿ ಓದಲಾಗದ ಫೈಲ್) ಕಂಡರೆ ಅದು ಎಲ್ಲಿಂದ ಬಂತು ಅಂತ ಕೇಳಲು ಹಿಂಜರಿಯಬೇಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಎಂಬ ಕಂಪ್ರೆಶನ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಸಿಕ್ಕಿತು. ಅದನ್ನು ಟೆಸ್ಟ್‌ಗೆಂದು ಇಟ್ಟ ಬೈನರಿ ಫೈಲ್‌ಗಳಲ್ಲಿ ಅಡಗಿಸಿದ್ದರು. ಹಾಕಿದಾತ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನೇ ಕಳಿಸಿ ನಂಬಿಕೆ ಗಳಿಸಿದ್ದ. ದಣಿದಿದ್ದ ಒಬ್ಬರೇ ನಿರ್ವಾಹಕರ ಮೇಲೆ ಎಲ್ಲ ಹೊರೆಯೂ ಇತ್ತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಪಟ್ಟು ಹಿಡಿದು ಹುಡುಕಿದ್ದರಿಂದ ಅದು ಬೆಳಕಿಗೆ ಬಂತು. ಓದುವವರ ಸಂಖ್ಯೆ ಹೆಚ್ಚಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಕನ್ನಡ ಬಲ್ಲವರು ಮಾತ್ರ ಥಟ್ಟನೆ ಹಿಡಿಯಬಲ್ಲ ತಪ್ಪುಗಳಿಗೆ ಬರುತ್ತೇನೆ. ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದಿದ್ದರೂ ಇಲ್ಲಿ ನಿಮ್ಮ ಕಾಮೆಂಟ್‌ಗೆ ಬೆಲೆ ಇದೆ.

ಒಬ್ಬರು ‘ಸರಿಸಲಾಗಿದೆ’ ಎಂಬ ತುಂಡು, ಒಂದು ಪುಟದ ಹೆಸರು, ‘ಇಲ್ಲಿಗೆ’ ಎಂಬ ತುಂಡು, ಇನ್ನೊಂದು ಪುಟದ ಹೆಸರು, ಹೀಗೆ ನಾಲ್ಕನ್ನು ಕೋಡ್‌ನಲ್ಲಿ ಸಾಲಾಗಿ ಅಂಟಿಸಿದ್ದಾರೆ ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ಅದು ವಾಕ್ಯವಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕು. ತುಂಡುಗಳನ್ನು ಎಷ್ಟೇ ಚೆನ್ನಾಗಿ ಅನುವಾದಿಸಿದರೂ ವಾಕ್ಯ ಆಗುವುದೇ ಇಲ್ಲ. ಇಡೀ ವಾಕ್ಯವೇ ಒಂದು ಸಂದೇಶವಾಗಿ, ಹೆಸರುಗಳ ಜಾಗದಲ್ಲಿ $1, $2 ಇರಬೇಕು. ಆಗ ಅನುವಾದಕರು ಕ್ರಮ ಬದಲಿಸಿಕೊಳ್ಳುತ್ತಾರೆ.

ಅಷ್ಟಾದರೂ ವಿಭಕ್ತಿ ಉಳಿಯಿತು. ಬೆಂಗಳೂರು ‘ಬೆಂಗಳೂರಿಗೆ’ ಆಗುತ್ತದೆ, ಮರ ‘ಮರಕ್ಕೆ’, ಕಾವೇರಿ ‘ಕಾವೇರಿಗೆ’. $2 ಜಾಗದಲ್ಲಿ ಏನು ಬರುತ್ತದೋ ಗೊತ್ತಿಲ್ಲದೆ ಪ್ರತ್ಯಯ ಅಂಟಿಸುವುದು ಹೇಗೆ? ಅದು ಪುಟದ ಹೆಸರಾದರೆ ‘$2 ಪುಟಕ್ಕೆ’ ಎನ್ನಬಹುದು, ವ್ಯಕ್ತಿಯಾದರೆ ‘$2 ಅವರಿಗೆ’. ಆದ್ದರಿಂದ ಪ್ರತಿ $ ಗುರುತಿನ ಜಾಗದಲ್ಲಿ ಏನು ಬರುತ್ತದೆ ಎಂದು ‘ಕ್ಯೂಕ್ಯೂಕ್ಯೂ’ ಎಂಬ ಟಿಪ್ಪಣಿ ಫೈಲಿನಲ್ಲಿ ಬರೆದಿರಲೇಬೇಕು. ಪ್ರತಿ ಇಂಗ್ಲಿಷ್ ಸಂದೇಶಕ್ಕೂ ಅಲ್ಲೊಂದು ಟಿಪ್ಪಣಿ ಇದೆಯೇ ಎಂದು ಯಂತ್ರ ನೋಡುತ್ತದೆ. ಆ ಟಿಪ್ಪಣಿಯಿಂದ ಅನುವಾದಕರಿಗೆ ಉಪಯೋಗ ಇದೆಯೇ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ಅದನ್ನು ನೀವು ನೋಡಿ. ‘ಓಪನ್’ ಅಂತ ಒಂದೇ ಪದ ಇದ್ದರೆ ಅದು ‘ತೆರೆ’ ಎಂಬ ಗುಂಡಿಯೋ ‘ತೆರೆದಿದೆ’ ಎಂಬ ಸ್ಥಿತಿಯೋ ಅಂತ ಕೇಳಿ.

ಏಕವಚನ, ಬಹುವಚನದಲ್ಲೂ ಇಂಥದ್ದೇ ಒಂದು ಸೂಕ್ಷ್ಮ ಇದೆ. ಎಣಿಕೆ 1 ಆದರೆ ಒಂದು ಸಂದೇಶ, ಇಲ್ಲದಿದ್ದರೆ ಇನ್ನೊಂದು ಅಂತ ಕೋಡ್‌ನಲ್ಲೇ ಬರೆದಿದ್ದರೆ −1 ಕೊಡಿ. ಮೀಡಿಯಾವಿಕಿ ಬಳಸುವ ಯೂನಿಕೋಡ್ ನಿಯಮಗಳ ಪ್ರಕಾರ ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನದ ಗುಂಪಿಗೆ, ಕನ್ನಡದಲ್ಲಿ ಏಕವಚನದ ಗುಂಪಿಗೆ ಸೇರುತ್ತದೆ. ಆ ಆಯ್ಕೆಯನ್ನು ಸಂದೇಶದೊಳಗಿನ ‘ಪ್ಲೂರಲ್’ ಸೂತ್ರಕ್ಕೇ ಬಿಡಬೇಕು.

ಕಾಮೆಂಟ್ ಬರೆಯುವಾಗ ಯಾವುದು ಕಡ್ಡಾಯ, ಯಾವುದು ಬರೀ ಸಲಹೆ ಅಂತ ಬೇರೆ ಮಾಡಿ ಹೇಳಿ. ‘ಇದು ತಪ್ಪು’ ಅನ್ನುವ ಬದಲು ‘ಪುಟದ ಹೆಸರು ಖಾಲಿ ಇದ್ದರೆ ಇಲ್ಲಿ ಏನಾಗುತ್ತದೆ?’ ಅಂತ ಕೇಳಿದರೆ ಬರೆದವರೇ ಉತ್ತರ ಹುಡುಕುತ್ತಾರೆ. ಚೆನ್ನಾಗಿರುವ ಭಾಗ ಕಂಡರೆ ಅದನ್ನೂ ಬರೆಯಿರಿ. ಅರ್ಧವಿರಾಮ ಬಿಟ್ಟುಹೋದಂಥ ಚಿಕ್ಕ ವಿಷಯ ಮಾತ್ರ ಉಳಿದಿದ್ದರೆ, ಇತರರ ಪ್ಯಾಚ್ ತಿದ್ದುವ ಹಕ್ಕು ಗೆರಿಟ್‌ನಲ್ಲಿ ನಿಮಗೆ ಇದ್ದರೆ, ನೀವೇ ಅಮೆಂಡ್ ಮಾಡಿ ಹೊಸ ಪ್ಯಾಚ್ ಸೆಟ್ ಹಾಕಬಹುದು. ಮೊದಲು ಬರೆದವರಿಗೆ ಒಂದು ಮಾತು ತಿಳಿಸಿ.

ಹಂತ 7: ಕಾಮೆಂಟ್‌ಗಳಿಗೆ ಉತ್ತರ

ಪ್ರತಿ ಕಾಮೆಂಟ್‌ಗೂ ಉತ್ತರ ಇರಲಿ. ಒಪ್ಪಿದ್ದರೆ ತಿದ್ದಿ ‘ಡನ್’ ಒತ್ತಿ. ಒಪ್ಪದಿದ್ದರೆ ಕಾರಣ ಬರೆಯಿರಿ. ರಿವ್ಯೂ ಮಾಡುವವರ ಮಾತೂ ತಪ್ಪಿರಬಹುದು. ಇಬ್ಬರು ಎರಡು ದಿಕ್ಕಿಗೆ ಎಳೆದರೆ ಚರ್ಚೆಯನ್ನು ಗೆರಿಟ್‌ನಲ್ಲಿ ಬೆಳೆಸದೆ ಫ್ಯಾಬ್ರಿಕೇಟರ್ ಕೆಲಸಕ್ಕೆ ಒಯ್ಯಿರಿ. ಪ್ಯಾಚ್ ಒಂದು ದಿನ ಮರೆತುಹೋಗುತ್ತದೆ, ಆ ಕೆಲಸದ ಪುಟವನ್ನು ಮುಂದಿನವರು ಓದುತ್ತಾರೆ.

ಹಂತ 8: ಮರ್ಜ್ ಆದ ಮೇಲೆ

ಮರ್ಜ್ ಆದ ಕೋಡ್ ಕೆಲವೇ ನಿಮಿಷಗಳಲ್ಲಿ ‘ಬೀಟಾ ಕ್ಲಸ್ಟರ್’ ಎಂಬ ಪ್ರಯೋಗದ ವಿಕಿಗಳಿಗೆ ಹೋಗುತ್ತದೆ. ನಿಜವಾದ ವಿಕಿಗಳಿಗೆ ಅದು ವಾರಕ್ಕೊಮ್ಮೆ ಹೊರಡುವ ರೈಲಿನಲ್ಲಿ ಹೋಗಬೇಕು. ಇದನ್ನು ಅವರು ಕರೆಯುವುದೇ ‘ಟ್ರೇನ್’ ಅಂತ. ಮಂಗಳವಾರ ಹೊಸ ಬ್ರಾಂಚ್ ತೆಗೆದು ಪರೀಕ್ಷಾ ವಿಕಿಗಳಿಗೆ ಹಾಕುತ್ತಾರೆ. ಬುಧವಾರ ವಿಕಿಸೋರ್ಸ್, ವಿಕ್ಷನರಿಯಂಥ ಸೋದರ ಯೋಜನೆಗಳಿಗೂ ಕೆಲವೇ ವಿಕಿಪೀಡಿಯಗಳಿಗೂ ಹೋಗುತ್ತದೆ. ಗುರುವಾರ ಉಳಿದ ಎಲ್ಲ ವಿಕಿಪೀಡಿಯಗಳಿಗೆ, ಕನ್ನಡದ್ದೂ ಸೇರಿ.

ಆದ್ದರಿಂದ +2 ಕೊಡುವವರು ದಿನವನ್ನೂ ನೋಡುತ್ತಾರೆ. ಅಪಾಯ ಇರಬಹುದಾದ ದೊಡ್ಡ ಬದಲಾವಣೆಯನ್ನು ಸೋಮವಾರ ಮರ್ಜ್ ಮಾಡಿದರೆ ಅದು ಮರುದಿನವೇ ರೈಲು ಹತ್ತುತ್ತದೆ. ಮಂಗಳವಾರ ಬ್ರಾಂಚ್ ತೆಗೆದ ನಂತರ ಮರ್ಜ್ ಮಾಡಿದರೆ ಬೀಟಾದಲ್ಲಿ ಹತ್ತಿರ ಹತ್ತಿರ ಒಂದು ವಾರ ಕಳೆಯಲು ಸಿಗುತ್ತದೆ. ‘ಸರಿ ಇದೆ, ಮಂಗಳವಾರದ ನಂತರ ಹಾಕೋಣ’ ಎಂಬ ಕಾಮೆಂಟ್ ಬಂದರೆ ಕಾರಣ ಇದೇ.

ಏನಾದರೂ ಮುರಿದರೆ ಮೊದಲು ರಿವರ್ಟ್ (ಬದಲಾವಣೆಯನ್ನು ಹಿಂದಕ್ಕೆ ತೆಗೆಯುವುದು), ಆಮೇಲೆ ಕಾರಣ ಹುಡುಕುವುದು. ನಿಮ್ಮ ಪ್ಯಾಚ್ ರಿವರ್ಟ್ ಆಯಿತೆಂದರೆ ನಿಮ್ಮನ್ನು ದೂಷಿಸಿದಂತಲ್ಲ. ಸರಿಪಡಿಸಿ ಮತ್ತೆ ಕಳಿಸಬಹುದು, ಕಳಿಸಿ. ರಿವರ್ಟ್ ಯಾಕಾಯಿತು ಎಂಬುದನ್ನು ಹೊಸ ಕಮಿಟ್ ಸಂದೇಶದಲ್ಲಿ ಬರೆದರೆ ಎರಡನೇ ಸಲ ಓದುವವರಿಗೆ ನೆಮ್ಮದಿ.

ಹೀಗೆ ಕೆಲವು ತಿಂಗಳು ಪ್ಯಾಚ್ ಕಳಿಸಿ, ಇತರರದನ್ನು ಓದಿ ಬಂದ ಮೇಲೆ +2 ಹಕ್ಕನ್ನು ನೀವೂ ಕೇಳಬಹುದು. ಫ್ಯಾಬ್ರಿಕೇಟರ್‌ನಲ್ಲಿ ಒಂದು ಕೋರಿಕೆ ಹಾಕಬೇಕು. ಅದು ಕನಿಷ್ಠ ಒಂದು ವಾರ ಎಲ್ಲರ ಅಭಿಪ್ರಾಯಕ್ಕೆ ತೆರೆದಿರುತ್ತದೆ. ಅಲ್ಲಿ ಜನ ನೋಡುವುದು ನಿಮ್ಮ ಹಳೆಯ ರಿವ್ಯೂಗಳನ್ನು: ಏನು ಹಿಡಿದಿರಿ, ಏನು ಬಿಟ್ಟಿರಿ, ಹೊಸಬರ ಜೊತೆ ಹೇಗೆ ಮಾತಾಡಿದಿರಿ.

ಅದಕ್ಕೂ ಮೊದಲು, ನಿಮ್ಮ ಮೊದಲ ಪ್ಯಾಚ್ ರೈಲು ಹತ್ತಿದ ವಾರ ಒಂದು ಕೆಲಸ ಮಾಡಿ. ಬುಧವಾರ ರಾತ್ರಿ ಅಥವಾ ಗುರುವಾರ ಬೆಳಿಗ್ಗೆ ಕನ್ನಡ ವಿಕಿಸೋರ್ಸ್ ತೆರೆಯಿರಿ. ಅಲ್ಲಿನ ‘ಸ್ಪೆಷಲ್:ವರ್ಷನ್’ ಪುಟದಲ್ಲಿ ಹೊಸ ಆವೃತ್ತಿ ಬಂದಿದೆಯೇ ನೋಡಿ. ಬಂದಿದ್ದರೆ ನೀವು ತಿದ್ದಿದ ಜಾಗಕ್ಕೆ ಹೋಗಿ, ಮೊಬೈಲ್‌ನಲ್ಲೂ ಕಂಪ್ಯೂಟರಿನಲ್ಲೂ ಒಮ್ಮೆ ಒತ್ತಿ ನೋಡಿ. ಏನಾದರೂ ಓರೆಯಾಗಿ ಕಂಡರೆ ತಕ್ಷಣ ಫ್ಯಾಬ್ರಿಕೇಟರ್‌ನಲ್ಲಿ ಬರೆಯಿರಿ. ಅದು ಕನ್ನಡ ವಿಕಿಪೀಡಿಯಕ್ಕೆ ಬರುವ ಮುನ್ನ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ.